ಮಾಸ್ಟ್ರು ಬಾವಿಗೆ ಇಳಿದ ವರ್ಷ

ಕಳೆದ ತಿಂಗಳು ಚಿಕ್ಕಮಗಳೂರಿನ ನಮ್ಮ ಮನೆಯ ಸಂಪು ತೊಳೆಸಿದೆವು. ತೊಳೆಯಲು ಬಂದವನು ಕೊನೆಗೆ ಎರಡು ಹಿಡಿ ಬ್ಲೀಚಿಂಗ್ ಪೌಡರ್ ಹಾಕಿ, ಮುಚ್ಚಳ ಎಳೆದು, ಕೈ ತೊಳೆದುಕೊಂಡ. ನಾನು ಒಳಗೆ ಬಂದು ಮಗಳಿಗೆ, “ಒಂದು ದಿನ ಬಿಟ್ಟು ಬಳಸಿದರೆ ಸಾಕು, ಏನೂ ಆಗುವುದಿಲ್ಲ” ಎಂದೆ. “ಸರಿ ಅಪ್ಪ” ಎಂದಳು. ಸ್ವಲ್ಪ ಹೊತ್ತಿಗೆ ಕಿಟಕಿಯಿಂದ ನೋಡಿದರೆ ಗೇಟಿನ ಹತ್ತಿರ ನಿಂತು ಅವನನ್ನೇ ಕೇಳುತ್ತಿದ್ದಳು, “ಎಷ್ಟು ದಿನ ಬಿಡಬೇಕು ಅಣ್ಣ?” ಅವನೂ ಒಂದು ದಿನ ಎಂದ. ಆಗ ನಂಬಿದಳು.

ಇದು ಹೊಸದಲ್ಲ. ನಾನು ಹೇಳಿದ ಬಸ್ಸಿನ ವೇಳೆ, ಮಾತ್ರೆಯ ಹೆಸರು, ಹಬ್ಬದ ತಾರೀಕು, ಎಲ್ಲವನ್ನೂ ಸಹನಾ ಇನ್ನೊಬ್ಬರ ಹತ್ತಿರ ಕೇಳಿ ಖಾತ್ರಿ ಮಾಡಿಕೊಳ್ಳುತ್ತಾಳೆ. ನಮ್ಮಿಬ್ಬರ ನಡುವೆ ಜಗಳವಿಲ್ಲ, ಮುನಿಸಿಲ್ಲ. ರಜೆಗೆ ಬರುತ್ತಾಳೆ, ನನ್ನ ಬಿಪಿ ವಿಚಾರಿಸುತ್ತಾಳೆ, ಬೈದು ನಡೆಯಲು ಕಳಿಸುತ್ತಾಳೆ. ನನ್ನ ಮಾತಿಗೆ ಮಾತ್ರ ಅವಳ ಹತ್ತಿರ ಬೆಲೆ ಇಲ್ಲ. ಅದು ಯಾವ ವರ್ಷ ಹೋಯಿತು ಎಂದು ಅವಳಿಗೂ ಗೊತ್ತು, ನನಗೂ ಗೊತ್ತು. ಆ ಮಾತನ್ನು ಇಬ್ಬರೂ ಎತ್ತುವುದಿಲ್ಲ. ಸಂಪಿನಿಂದ ಎದ್ದ ಆ ವಾಸನೆ ಮೂಗಿಗೆ ಹೊಡೆದ ದಿನ ನನಗೆ ಮಧ್ಯಾಹ್ನದ ಊಟ ಸೇರಲಿಲ್ಲ. ಹೆಂಡತಿ ಗಿರಿಜೆ ಏನಾಯಿತು ಎಂದು ಕೇಳಿದ್ದಕ್ಕೆ ಅಜೀರ್ಣ ಎಂದೆ.

ಎರಡು ಸಾವಿರದ ನಾಲ್ಕರ ಮಳೆಗಾಲದ ಹೊತ್ತಿಗೆ ನನಗೆ ನರಸಿಂಹರಾಜಪುರದಿಂದ ಕೊಪ್ಪಕ್ಕೆ ವರ್ಗವಾಯಿತು. ನಾನು ಆಗ ಪಶು ಇಲಾಖೆಯಲ್ಲಿ ಇನ್‌ಸ್ಪೆಕ್ಟರ್. ಹಸುವಿಗೆ ಸೂಜಿ ಚುಚ್ಚುವುದು, ಗಾಯ ತೊಳೆಯುವುದು, ಲಸಿಕೆಯ ಪಟ್ಟಿ ಬರೆಯುವುದು ನನ್ನ ಕೆಲಸ. ಡಾಕ್ಟರು ಬೇರೆ ಇರುತ್ತಾರೆ. ಆದರೆ ನಮ್ಮ ಕಡೆ ಕೈಯಲ್ಲಿ ಸಿರಿಂಜ್ ಹಿಡಿದವರೆಲ್ಲ ಡಾಕ್ಟ್ರೇ. ಕೆಲಸಕ್ಕೆ ಸೇರಿದ ಮೊದಲ ವರ್ಷ “ನಾನು ಡಾಕ್ಟ್ರಲ್ಲ ಮಾರಾಯ್ರೆ” ಎಂದು ತಿದ್ದುತ್ತಿದ್ದೆ. ಆಮೇಲೆ ಬಿಟ್ಟೆ. ಇನ್ನೂ ಕೆಲವು ವರ್ಷಕ್ಕೆ ಯಾರಾದರೂ ಹಾಗೆ ಕರೆಯದಿದ್ದರೆ ನನಗೆ ಸಿಟ್ಟು ಬರುವಷ್ಟು ಅಭ್ಯಾಸವಾಯಿತು.

ಕೊಪ್ಪದ ಬಾಳಗಡಿಯಲ್ಲಿ ಅನಂತಯ್ಯನವರ ವಠಾರದಲ್ಲಿ ಮನೆ ಸಿಕ್ಕಿತು. ಸಾಲಾಗಿ ನಾಲ್ಕು ಮನೆ, ನಾಲ್ಕಕ್ಕೂ ಒಂದೇ ಬಾವಿ, ಬಾವಿಯ ಮೇಲೆ ತಗಡಿನ ಮಾಡು. ಅನಂತಯ್ಯನವರು ಕಾಲೇಜಿನ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟಿದ್ದರು. ಮೆತ್ತಗಿನ ಮನುಷ್ಯ. ಡಾಕ್ಟ್ರು ತಮ್ಮ ವಠಾರಕ್ಕೆ ಬಂದದ್ದು ಅವರಿಗೆ ಹೆಮ್ಮೆ, ಹಾಗೆ ಹೇಳಿಸಿಕೊಳ್ಳುವುದು ನನಗೂ ಹೆಮ್ಮೆ.

ಸಹನಾಗೆ ಆಗ ಒಂಬತ್ತು ವರ್ಷ. ಉಬ್ಬಸ ಇತ್ತು. ಶಿವಮೊಗ್ಗದಲ್ಲಿ ತೋರಿಸಿದಾಗ ಮನೆಯಲ್ಲಿ ರೋಮದ ಪ್ರಾಣಿ, ಗರಿಯ ಪ್ರಾಣಿ ಇಡಬೇಡಿ ಎಂದು ಖಡಾಖಂಡಿತವಾಗಿ ಹೇಳಿದ್ದರು. ಅವಳಿಗೋ ನಾಯಿಮರಿಯ ಹುಚ್ಚು. ಊರಿನ ನಾಯಿಗಳಿಗೆಲ್ಲ ಮದ್ದು ಕೊಡುವ ಅಪ್ಪನ ಮನೆಯಲ್ಲಿ ಒಂದು ಬೆಕ್ಕಿನ ಮರಿಯೂ ಇಲ್ಲದ್ದು ಅವಳಿಗೆ ದೊಡ್ಡ ಅನ್ಯಾಯವಾಗಿ ಕಂಡಿತ್ತು. ಒಂದು ದಿನ ರಫ್ ನೋಟ್‌ಬುಕ್ಕಿನಲ್ಲಿ ರೋಮವೂ ಗರಿಯೂ ಇಲ್ಲದವರ ಪಟ್ಟಿ ಮಾಡಿಕೊಂಡು ಬಂದಳು. ಮೀನು, ಕಪ್ಪೆ, ಓತಿ, ಗೋಸುಂಬೆ, ಹಾವು, ಆಮೆ. ಗಿರಿಜೆ ಹಾವಿನ ಮೇಲೆ ಗೀಟು ಎಳೆದಳು, ಓತಿ, ಗೋಸುಂಬೆಗಳ ಮೇಲೂ ಎಳೆದಳು. ಕಪ್ಪೆಯನ್ನು ಸಹನಾ ತಾನೇ ಪಟ್ಟಿಯಿಂದ ಹೊಡೆದು ಹಾಕಿದಳು, ಅದು ಅಂಗಳದಲ್ಲೇ ಬೇಕಾದಷ್ಟಿದೆ ಎಂದು. ಮೀನು ತಂದು ಒಂದು ತಿಂಗಳು ಬಾಟಲಿಯಲ್ಲಿಟ್ಟೆವು. “ಅದು ನನ್ನ ನೋಡೋದೇ ಇಲ್ಲ ಅಪ್ಪ” ಎಂದಳು. ಕೊನೆಗೆ ಉಳಿದದ್ದು ಆಮೆ.

ಮಳೆ ಸ್ವಲ್ಪ ಕಡಿಮೆಯಾದ ಸಮಯದಲ್ಲಿ ಮೇಗುಂದದ ಕಡೆ ಸೂರಪ್ಪ ಗೌಡರ ಹಸುವಿನ ಹೊಟ್ಟೆಯಲ್ಲಿ ಕರು ತಿರುಗಿದೆ ಎಂದು ಕರೆ ಬಂತು. ಕರು ಉಳಿಯಿತು. ಕಾಫಿ ಕುಡಿಯುವಾಗ ಮಗಳ ಪಟ್ಟಿಯ ಕತೆ ಹೇಳಿ ನಗಾಡಿದೆ. ಗೌಡರು ನಗಲಿಲ್ಲ. ಮುಂದಿನ ಭಾನುವಾರ ಅವಳನ್ನು ಕರೆದುಕೊಂಡು ಬನ್ನಿ ಎಂದರು.

ಹೋದಾಗ ಅವರ ಕಣದಲ್ಲಿ ಎರಡು ಆಮೆ ಇದ್ದವು. ಒಂದು ಕಪ್ಪಗೆ, ಚಪ್ಪಟೆಯಾಗಿ, ಸಿಮೆಂಟ್ ತೊಟ್ಟಿಯ ನೀರಿನಲ್ಲಿ ಕೂತಿತ್ತು. ಇನ್ನೊಂದು ಹಳದಿ ಕಂದು ಬಣ್ಣದ್ದು, ಗುಡ್ಡೆಯಾದ ಬೆನ್ನು, ಬೆನ್ನಿನ ಅಂಚಿನಲ್ಲಿ ಕತ್ತಿ ತಾಗಿದ ಗಾಯ. ಅದನ್ನು ಮಂಕರಿಯಡಿ ಮುಚ್ಚಿಟ್ಟಿದ್ದರು. ತೋಟದ ಮೇಲಿನ ಗುಡ್ಡದಲ್ಲಿ ಕಳೆ ಸವರುವಾಗ ಸಿಕ್ಕಿದ್ದಂತೆ. ಮಂಕರಿ ಎತ್ತಿದ ಕೂಡಲೇ ಅದು ಕತ್ತು ಉದ್ದ ಮಾಡಿ ಸಹನಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿತು. “ನಮ್ಮ ಹೆಡ್‌ಮಾಸ್ಟ್ರು ಹೀಗೇ ನೋಡೋದು” ಎಂದಳು. ಅಲ್ಲಿಗೆ ಆಯ್ಕೆಯೂ ಆಯಿತು, ಹೆಸರೂ ಆಯಿತು.

ಗೌಡರು ನನ್ನ ಕಡೆ ತಿರುಗಿ, “ಇದು ಗುಡ್ಡದ್ದು ಡಾಕ್ಟ್ರೆ. ಅದು ಹಳ್ಳದ್ದು. ನಿಮಗೆ ಹೇಳೋದೆಂತ, ಗೊತ್ತುಂಟಲ್ಲ” ಎಂದರು.

ನನಗೆ ಗೊತ್ತಿರಲಿಲ್ಲ. ಎರಡಕ್ಕೂ ನಮ್ಮ ಬಾಯಲ್ಲಿ ಇರುವುದು ಒಂದೇ ಹೆಸರು. “ಆಮೆ ಎಲ್ಲಿ ಸಿಕ್ಕಿದರೂ ಆಮೆಯೇ ಅಲ್ವಾ ಗೌಡ್ರೆ” ಎಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, ಡಾಕ್ಟ್ರು ಹೇಳಿದ ಮೇಲೆ ಇರಬಹುದು ಎಂದರು. ಕಾಡಿನ ಪ್ರಾಣಿಯನ್ನು ಮನೆಗೆ ತರುವುದು ಕಾನೂನಿಗೆ ವಿರುದ್ಧ ಎಂದೂ ನನಗೆ ಗೊತ್ತಿರಲಿಲ್ಲ ಎಂದರೆ ಮಾತ್ರ ಸುಳ್ಳಾಗುತ್ತದೆ. ಅದು ಗೊತ್ತಿತ್ತು. ಯಾರು ಕೇಳುತ್ತಾರೆ ಎಂದುಕೊಂಡೆ.

ಮನೆಗೆ ತಂದ ದಿನವೇ ಅಗಲದ ಸತುವಿನ ಟಬ್ಬಿಗೆ ಅರ್ಧ ನೀರು ತುಂಬಿಸಿ ಅದರಲ್ಲಿ ಮಾಸ್ಟ್ರನ್ನು ಇಳಿಸಿದೆ. ಅದು ಹಿಂದಿನ ಕಾಲಿನ ಮೇಲೆ ನಿಂತು ಟಬ್ಬಿನ ಅಂಚನ್ನು ಕೆರೆಯತೊಡಗಿತು. ಆ ಸದ್ದು ಅಡುಗೆಮನೆಗೂ ಕೇಳುತ್ತಿತ್ತು. “ಹೊಸ ಜಾಗ, ಎರಡು ದಿನದಲ್ಲಿ ಸರಿಯಾಗ್ತದೆ” ಎಂದೆ. ನಾನು ಬೈಕ್ ಹತ್ತಿ ಹೋದ ಮೇಲೆ ಸಹನಾ ಅದನ್ನು ಎತ್ತಿ ನೆಲಕ್ಕೆ ಬಿಡುತ್ತಿದ್ದಳು, ಸಂಜೆ ಬೈಕಿನ ಸದ್ದು ಕೇಳಿದರೆ ಮತ್ತೆ ನೀರಿಗೆ ಇಡುತ್ತಿದ್ದಳು. ಇದು ನನಗೆ ಬಹಳ ದಿನದ ಮೇಲೆ ಗಿರಿಜೆ ಹೇಳಿ ಗೊತ್ತಾಯಿತು. ಆಗ ನಕ್ಕು ಟಬ್ಬು ತೆಗೆಸಿದೆ, ಸೋತು ಅಲ್ಲ, ಉದಾರಿಯಾಗಿ.

ಆ ವರ್ಷದ ಮಳೆಗಾಲದ ಕೊನೆ ಮತ್ತು ಚಳಿಗಾಲ ಪೂರ್ತಿ ನಮ್ಮ ಮನೆ ಮಾಸ್ಟ್ರ ಸುತ್ತ ನಡೆಯಿತು. ಬೆಳಿಗ್ಗೆ ಬಿಸಿಲು ಜಗಲಿಗೆ ಬಂದ ಮೇಲೆ ಅವರು ಬಚ್ಚಲಿನ ಸೌದೆ ರಾಶಿಯಡಿಯಿಂದ ಹೊರಡುತ್ತಿದ್ದರು. ಸಹನಾ ಅವರನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದಳು, ನಮಗೂ ಅದೇ ರೂಢಿಯಾಯಿತು. “ಮಾಸ್ಟ್ರು ಇವತ್ತು ಎರಡು ದಾಸವಾಳ ತಿಂದ್ರು,” “ಮಾಸ್ಟ್ರಿಗೆ ಒಂದೆಲಗ ಅಂದ್ರೆ ಪ್ರಾಣ,” “ಮಾಸ್ಟ್ರು ಪಪ್ಪಾಯಿ ತಿಂದು ಮೂಗಿಗೆಲ್ಲ ಮೆತ್ತಿಕೊಂಡಿದಾರೆ.” ನೀರನ್ನು ತಟ್ಟೆಯಲ್ಲಿ ಇಡಬೇಕು, ಮುಖ ಮಾತ್ರ ಅದ್ದಿ ಕುಡಿಯುತ್ತಾರೆ. ಒಣ ಎಲೆ ಹಾಕಿದರೆ ಅದರೊಳಗೆ ತೂರುತ್ತಾರೆ. ಇದನ್ನೆಲ್ಲ ಆ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬರೆದಿಡುತ್ತಿದ್ದಳು. ಹೋಂವರ್ಕ್ ಮಾಡುವಾಗ ಅವಳ ಕಾಲಿನ ಹತ್ತಿರ ಮಾಸ್ಟ್ರು ಕತ್ತು ಒಳಗೆ ಎಳೆದುಕೊಂಡು ಕೂತಿರುತ್ತಿದ್ದರು. ಆ ಚಳಿಗಾಲ ಅವಳಿಗೆ ಉಬ್ಬಸ ಬಂದದ್ದು ಒಂದೇ ಸಲ. ಮನೆಯಲ್ಲಿ ಇಷ್ಟು ನಗು ಹಿಂದೆಂದೂ ಇರಲಿಲ್ಲ.

ಒಂದು ಸಂಜೆ ನೋಟ್‌ಬುಕ್ ತಂದು ಓದಿದಳು. “ಮಾಸ್ಟ್ರಿಗೆ ನೀರು ಆಗುವುದಿಲ್ಲ. ಅವರು ನೀರಿನ ಆಮೆ ಅಲ್ಲ ಎಂದು ನನಗೆ ಅನುಮಾನ.”

“ಪಶು ಇಲಾಖೆಯಲ್ಲಿ ಇರೋದು ನೀನೋ ನಾನೋ?” ಎಂದೆ.

“ನೀನು.”

“ಮತ್ತೆ?”

ಅವಳು ಆ ಸಾಲನ್ನು ಹೊಡೆದು ಹಾಕಲಿಲ್ಲ. ನೋಟ್‌ಬುಕ್ ಮುಚ್ಚಿಕೊಂಡು ಹೋದಳು.

ಏಪ್ರಿಲ್‌ನಲ್ಲಿ ಬಾವಿಯ ನೀರು ತಳ ಹಿಡಿಯಿತು. ಕೊಡದಲ್ಲಿ ಸಣ್ಣ ಸಣ್ಣ ಹುಳ ಬರತೊಡಗಿದವು. ನಮ್ಮ ಕಡೆ ಬಾವಿಗೆ ಒಂದು ಆಮೆ ಬಿಡುವುದು ಹಳೆಯ ರೂಢಿ. ಹುಳ, ಪಾಚಿ, ಬಿದ್ದ ಕಪ್ಪೆ ಎಲ್ಲ ತಿಂದು ನೀರನ್ನು ಚೊಕ್ಕ ಇಡುತ್ತದೆ ಎಂದು. ಅನಂತಯ್ಯನವರ ಬಾವಿಯಲ್ಲೂ ಒಂದಿತ್ತಂತೆ. ಹಿಂದಿನ ವರ್ಷ ಕೆಸರು ತೆಗೆಸುವಾಗ ಹೊರಗಿಟ್ಟದ್ದು ತಪ್ಪಿಸಿಕೊಂಡಿತ್ತು.

ಸಹನಾ ರಜೆಗೆ ಕಿಗ್ಗದ ಅಜ್ಜಿಯ ಮನೆಗೆ ಹೊರಟಳು. ಮಾಸ್ಟ್ರನ್ನೂ ಒಯ್ಯುತ್ತೇನೆ ಎಂದು ಹಟ ಹಿಡಿದಳು. ಬಸ್ಸಿನಲ್ಲಿ ಬೇಡ, ನಾನು ನೋಡಿಕೊಳ್ಳುತ್ತೇನೆ ಎಂದೆ. ಹೋಗುವಾಗ ಒಂದು ಚೀಟಿ ಬರೆದು ನನ್ನ ಅಂಗಿಯ ಕಿಸೆಗೆ ಹಾಕಿದಳು. ಏನು ತಿನ್ನಿಸಬೇಕು, ಎಷ್ಟು ಹೊತ್ತಿಗೆ ಒಳಗೆ ಬಿಡಬೇಕು, ಎಲ್ಲ ಅದರಲ್ಲಿತ್ತು. ಕೊನೆಯ ಸಾಲು, ‘ನೀರಿಗೆ ಹಾಕಬಾರದು.’ ಅಡಿಗೆ ಎರಡು ಗೀಟು.

ಅವಳು ಹೋದ ನಾಲ್ಕನೇ ದಿನ, ಭಾನುವಾರ ಬೆಳಿಗ್ಗೆ, ಅನಂತಯ್ಯನವರು ಬಾವಿಕಟ್ಟೆಯ ಹತ್ತಿರ ನನ್ನನ್ನು ಕರೆದರು. ಪಕ್ಕದ ಮನೆಯವರೂ ಇದ್ದರು. “ಡಾಕ್ಟ್ರೆ, ಒಂದು ಮಾತು. ನಿಮ್ಮ ಆಮೇನ ಬಾವಿಗೆ ಬಿಟ್ಟರೆ ಹೆಂಗೆ? ನೀರು ನೋಡಿ ಎಂತ ಗತಿಯಾಗಿದೆ.” ಮತ್ತೆ ಅವರೇ, “ಅಥವಾ ಮಗು ಬಂದ ಮೇಲೆ ಕೇಳುವ” ಎಂದರು.

ಒಳಗಿನಿಂದ ಗಿರಿಜೆ ಬಂದು, “ಕೂಸು ಬರ್ಲಿ, ಆಮೇಲೆ ನೋಡುವ. ಅವಳದ್ದು ಅದು” ಎಂದಳು.

ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಬೇರೆ ಏನೂ ಕಾರಣವಿರಲಿಲ್ಲ, ನಾಲ್ಕು ಜನ ನನ್ನ ಮುಖ ನೋಡುತ್ತಿದ್ದರು ಅಷ್ಟೇ. ಆಮೆಯ ಬಗ್ಗೆ ಮಗಳನ್ನು ಕೇಳಿ ಹೇಳುತ್ತೇನೆ ಎನ್ನಲು ಡಾಕ್ಟ್ರಿಗೆ ನಾಲಿಗೆ ಹೊರಳಲಿಲ್ಲ. “ನೀರಿನ ಪ್ರಾಣಿ ನೀರಿನಲ್ಲಿದ್ದರೇ ಅದಕ್ಕೂ ಸುಖ. ಮಗಳಿಗೆ ನಾನು ಹೇಳ್ತೇನೆ” ಎಂದೆ. ಅಂಗಿ ಅದೇ, ಚೀಟಿ ಕಿಸೆಯಲ್ಲೇ ಇತ್ತು.

ಬುಟ್ಟಿಯಲ್ಲಿಟ್ಟು ಹಗ್ಗ ಕಟ್ಟಿ ಇಳಿಸಿದೆವು. ನೀರಿಗೆ ತಾಗಿದ ಕೂಡಲೇ ಅದು ನಾಲ್ಕೂ ಕಾಲು ಬಡಿಯುತ್ತ ಗೋಡೆಯ ಕಡೆ ಹೋಯಿತು. ಜಂಬಿಟ್ಟಿಗೆ ಕಲ್ಲಿನ ಗೋಡೆಗೆ ಪಾಚಿ ಕಟ್ಟಿತ್ತು. ಕಾಲು ಇಟ್ಟಲ್ಲೆಲ್ಲ ಜಾರಿ, ಮತ್ತೆ ಮುಂದೆ ಹೋಗಿ, ಮತ್ತೆ ಜಾರಿ, ಗೋಡೆಯ ಗುಂಟ ಒಂದು ಸುತ್ತು ಬಂತು. “ಎಷ್ಟು ಚೆಂದ ಈಜ್ತದೆ ನೋಡಿ” ಎಂದರು ಯಾರೋ. ಹೌದು ಎಂದವನು ನಾನು. ಗಿರಿಜೆ ಬಗ್ಗಿ ನೋಡಲಿಲ್ಲ.

ಮರುದಿನ ಬೆಳಿಗ್ಗೆ ನೋಡಿದಾಗ ಗೋಡೆಗೆ ಒತ್ತಿಕೊಂಡು, ಮೂಗು ಮಾತ್ರ ಮೇಲಿಟ್ಟು ನಿಂತಿತ್ತು. ಹೊಂದಿಕೊಳ್ಳುತ್ತಿದೆ ಎಂದುಕೊಂಡು ನಾನು ಶೃಂಗೇರಿಯ ಬಸ್ ಹತ್ತಿದೆ. ಅಲ್ಲಿ ಎರಡು ದಿನ ಕಾಲುಬಾಯಿ ಜ್ವರದ ಲಸಿಕೆಯ ಕೆಲಸವಿತ್ತು. ಮಧ್ಯಾಹ್ನ ಊಟಕ್ಕೆ ಕೂತಾಗ ನಮ್ಮ ಡಾಕ್ಟರಿಗೆ, ನಿಜವಾದ ಡಾಕ್ಟರಿಗೆ, ಬಾವಿಯ ಸಂಗತಿಯನ್ನು ಜಂಬದಿಂದಲೇ ಹೇಳಿದೆ. ಅವರು ತುತ್ತು ಕೈಯಲ್ಲಿ ಹಿಡಿದು ಕೇಳಿದರು, “ಎಲ್ಲಿ ಸಿಕ್ಕಿದ್ದು?”

“ಗುಡ್ಡದಲ್ಲಿ ಸರ್.”

“ಕಾಲು ಹೇಗಿದೆ? ಬೆರಳ ಮಧ್ಯ ಚರ್ಮ ಇದೆಯಾ, ಇಲ್ಲ ಆನೆ ಕಾಲಿನ ತರ ಇದೆಯಾ?”

ಇಪ್ಪತ್ತು ವರ್ಷ ದನದ ಗೊರಸು ನೋಡಿ ರೋಗ ಹೇಳಿದವನು ನಾನು. ಏಳು ತಿಂಗಳು ನನ್ನ ಮನೆಯಲ್ಲಿ ಓಡಾಡಿದ ಪ್ರಾಣಿಯ ಕಾಲು ಹೇಗಿತ್ತೆಂದು ಹೇಳಲು ನನಗೆ ಬರಲಿಲ್ಲ.

“ಅದು ನೆಲದ ಆಮೆ ಕಣ್ರಿ. ಈಜಲ್ಲ, ಒದ್ದಾಡ್ತದೆ. ಸುಸ್ತಾದ್ರೆ ಮುಳುಗ್ತದೆ. ಮೊದಲು ಮನೆಗೆ ಫೋನ್ ಮಾಡಿ ತೆಗೆಸಿ” ಎಂದರು.

ಎದುರಿಗೇ ಎಸ್‌ಟಿಡಿ ಬೂತ್ ಇತ್ತು. ಅಲ್ಲಿಯವರೆಗೆ ಹೋದೆ. ಫೋನ್ ಇದ್ದದ್ದು ಅನಂತಯ್ಯನವರ ಅಂಗಡಿಯಲ್ಲಿ. ‘ನಾನು ಹೇಳಿದ್ದು ತಪ್ಪು, ಅದು ಸಾಯುತ್ತದೆ, ಬೇಗ ತೆಗೆಯಿರಿ’ ಎಂದು ಅವರಿಗೆ ಹೇಳಬೇಕಿತ್ತು. ಒಳಗೆ ಯಾರೋ ಮಾತಾಡುತ್ತಿದ್ದರು. ಅವರು ಮುಗಿಸುವವರೆಗೆ ಕಾದೆ. ಅವರು ಹೊರಗೆ ಬಂದ ಮೇಲೆಯೂ ನಿಂತೇ ಇದ್ದೆ. ಹೇಗೂ ನಾಳೆ ಸಂಜೆ ಹೋಗುತ್ತೇನಲ್ಲ, ಸದ್ದಿಲ್ಲದೆ ನಾನೇ ಬುಟ್ಟಿ ಇಳಿಸಿ ತೆಗೆದರಾಯಿತು, ಅಷ್ಟರಲ್ಲಿ ಏನಾಗುತ್ತದೆ ಎಂದುಕೊಂಡೆ. ಡಾಕ್ಟರು ಕೇಳಿದಾಗ ಫೋನ್ ಮಾಡಿದೆ ಎಂದೆ. ಗೊತ್ತಿಲ್ಲದೆ ಬಾವಿಗೆ ಬಿಟ್ಟದ್ದನ್ನು ಯಾರಾದರೂ ಕ್ಷಮಿಸಬಹುದು. ಗೊತ್ತಾದ ಮೇಲೆ ಬೂತಿನಿಂದ ತಿರುಗಿ ಬಂದವನನ್ನು ಯಾಕೆ ಕ್ಷಮಿಸಬೇಕು, ನನಗೇ ತಿಳಿಯುವುದಿಲ್ಲ.

ಮಂಗಳವಾರ ಸಂಜೆ ವಠಾರಕ್ಕೆ ಬಂದಾಗ ಅನಂತಯ್ಯನವರು ಬಾವಿಕಟ್ಟೆಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಬುಟ್ಟಿ. ಅದರಲ್ಲಿ ಮಾಸ್ಟ್ರು, ಕತ್ತು ಪೂರ್ತಿ ಹೊರಗೆ ಜೋತುಬಿದ್ದಿತ್ತು. ಉಗುರುಗಳ ಸಂದಿಯಲ್ಲಿ ಪಾಚಿ ಸಿಕ್ಕಿಕೊಂಡಿತ್ತು. “ನಿನ್ನೆ ಸಂಜೆವರೆಗೂ ಗೋಡೆ ಕೆರೆಯೋ ಸದ್ದು ಕೇಳ್ತಿತ್ತು ಡಾಕ್ಟ್ರೆ. ನೀವು ಏನೂ ಆಗಲ್ಲ ಅಂದಿದ್ರಲ್ಲ, ಅದಕ್ಕೆ ಬಿಟ್ಟೆ” ಎಂದರು. ಅವರ ದನಿಯಲ್ಲಿ ಆಕ್ಷೇಪ ಇರಲಿಲ್ಲ. ಇದ್ದಿದ್ದರೆ ನಾನು ಜಗಳವಾಡಿ ಬಚಾವಾಗುತ್ತಿದ್ದೆ.

ಬಚ್ಚಲಿನ ಹಿಂದೆ, ತಿಪ್ಪೆಯ ಪಕ್ಕ, ಮಣ್ಣು ಮೆತ್ತಗಿದ್ದ ಕಡೆ ಹೂತೆ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದರು. ಒಂದು ವಾರ ನಾವು ಕುಡಿದ ನೀರಿನಲ್ಲಿ, ಉಂಡ ಅನ್ನದಲ್ಲಿ, ಒಗೆದ ಬಟ್ಟೆಯಲ್ಲಿ ಅದೇ ವಾಸನೆ.

ಸಹನಾ ಬಂದಳು. ಚೀಲವನ್ನೂ ಇಳಿಸದೆ ಸೌದೆ ರಾಶಿಯ ಹತ್ತಿರ ಹೋದಳು. ನಾನು ಸಿದ್ಧಮಾಡಿಕೊಂಡಿದ್ದನ್ನು ಹೇಳಿದೆ. ಮಾಸ್ಟ್ರು ಈಗ ಬಾವಿಯಲ್ಲಿದ್ದಾರೆ, ಅಲ್ಲಿ ತಂಪು, ಬೇಕಾದಷ್ಟು ತಿನ್ನಲು ಸಿಗುತ್ತದೆ, ಬಾವಿಯ ಆಮೆ ತಳದಲ್ಲೇ ಇರುವುದರಿಂದ ಮೇಲಿನಿಂದ ಕಾಣುವುದಿಲ್ಲ. ಅವಳು ಅಮ್ಮನ ಕಡೆ ನೋಡಿದಳು. ಗಿರಿಜೆ ನನ್ನ ಕಡೆ ನೋಡಿ, ಒಲೆಯ ಮುಂದೆ ಹೋಗಿ ಕೂತಳು.

“ಚೀಟೀಲಿ ಬರ್ದಿದ್ದೆ” ಎಂದಳು ಸಹನಾ.

“ನಿಂಗೆ ಗೊತ್ತಾಗಲ್ಲ” ಎಂದೆ.

ಅಂದಿನಿಂದ ದಿನಾ ಬೆಳಿಗ್ಗೆ ಎರಡು ದಾಸವಾಳ ಕಿತ್ತು ಬಾವಿಗೆ ಹಾಕಿ, ಬಗ್ಗಿ ನೋಡಿ ಬರುತ್ತಿದ್ದಳು. ವಠಾರದವರೆಲ್ಲ ಅದನ್ನು ನೋಡುತ್ತಿದ್ದರು, ಯಾರೂ ಬಾಯಿ ಬಿಡಲಿಲ್ಲ. ಎರಡು ವಾರ ಕಳೆದ ಮೇಲೆ ಅನಂತಯ್ಯನವರು ನನ್ನನ್ನು ಅಂಗಡಿಗೆ ಕರೆಸಿ, “ಹೂವು ಕೊಳೀತದೆ ಅಂತ ಅಲ್ಲ ಮಾರಾಯ್ರೆ. ನಂಗೆ ನೋಡ್ಲಿಕ್ಕೆ ಆಗ್ತಾ ಇಲ್ಲ. ಹೇಳಿಬಿಡಿ ಆ ಮಗುವಿಗೆ” ಎಂದರು. ನಾನು ಮನೆಗೆ ಬಂದು, ಬಾವಿಗೆ ಹೂವು ಹಾಕಿ ನೀರು ಕೆಡಿಸಬೇಡ ಎಂದು ಅವಳನ್ನು ಬೈದೆ. ಮರುದಿನದಿಂದ ಬಗ್ಗಿ ನೋಡಿ ಮಾತ್ರ ಬರುತ್ತಿದ್ದಳು. ಮಳೆ ಹಿಡಿದ ಮೇಲೆ ಉಬ್ಬಸ ಮತ್ತೆ ಶುರುವಾಯಿತು.

ಜುಲೈ ಹೊತ್ತಿಗೆ ಬಾವಿ ತುಂಬಿ ಕೈಗೆ ಎಟುಕುವಷ್ಟು ನೀರು ಬಂತು. ಅವಳು ಅನಂತಯ್ಯನವರ ಹತ್ತಿರ ಒಂದು ಅಡಿಕೆ ದಬ್ಬೆ ಕೇಳಿ ತಂದಳು. ಸೀಳಿದ ಅಡಿಕೆ ಮರದ ಆ ಉದ್ದದ ಹಲಗೆಯ ಒಂದು ತುದಿಯನ್ನು ನೀರಿಗೆ ಇಳಿಸಿ, ಇನ್ನೊಂದನ್ನು ಕಟ್ಟೆಗೆ ಒರಗಿಸಿದಳು. ಕಟ್ಟೆಯ ಮೇಲೆ, ತಗಡಿನ ಮಾಡಿನ ಅಡಿಯಲ್ಲಿ ಮಳೆ ಬೀಳದ ಕಡೆ, ಕೆಮ್ಮಣ್ಣು ಕಲಸಿ ತೆಳ್ಳಗೆ ಬಳಿದಳು. “ಇದೆಂತ?” ಎಂದೆ.

“ಮಾಸ್ಟ್ರು ಹತ್ತಿ ಬರ್ಬೋದಲ್ಲ ಈಗ. ನಾನು ಸ್ಕೂಲಿಗೆ ಹೋದಾಗ ಬಂದ್ರೆ ಹೆಜ್ಜೆ ಕಾಣ್ತದೆ.”

ಐದು ದಿನ ಮಣ್ಣು ಹಾಗೇ ಇತ್ತು. ಶಾಲೆಯಿಂದ ಬಂದವಳು ಕೊಡೆ ಹಿಡಿದು ಮೊದಲು ಅಲ್ಲಿಗೇ ಹೋಗುತ್ತಿದ್ದಳು, ಒಣಗಿದ ಮಣ್ಣಿಗೆ ನೀರು ಚಿಮುಕಿಸಿ ಕೆಮ್ಮುತ್ತ ಒಳಗೆ ಬರುತ್ತಿದ್ದಳು. ಆಗಲಾದರೂ ಹೇಳಬಹುದಿತ್ತು. ಆರನೇ ದಿನ ಬೆಳಗಾಗುವ ಹೊತ್ತಿಗೆ ನಾನು ಎದ್ದು ಹೋಗಿ, ಹೆಬ್ಬೆರಳಿನಿಂದ ಕೆಮ್ಮಣ್ಣಿನಲ್ಲಿ ಒತ್ತಿ, ಕಡ್ಡಿಯಿಂದ ಗೀರಿ, ಕಟ್ಟೆಯಿಂದ ಹೊರಗೆ ಹೋಗುವ ಹಾಗೆ ಹೆಜ್ಜೆ ಮಾಡಿದೆ. ಇದರಿಂದ ಅವಳಿಗೆ ಸಂತೋಷವಾಗುತ್ತದೆ ಎಂದೂ ಅಂದುಕೊಂಡೆ. ಆಮೇಲೆ ಕೈ ತೊಳೆದು, ಕಾಫಿ ಕುಡಿದು, ಅವಳನ್ನು ಎಬ್ಬಿಸಿದೆ. “ಬಾ ಬಾ, ಮಾಸ್ಟ್ರು ಹೊರಟುಹೋಗಿದಾರೆ ನೋಡು, ಗುಡ್ಡಕ್ಕೆ.”

ಓಡಿ ಬಂದಳು. ಕಟ್ಟೆಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತು, ಮುಖವನ್ನು ಮಣ್ಣಿನ ಹತ್ತಿರ ತಂದು, ಒಂದೊಂದೇ ಹೆಜ್ಜೆ ನೋಡಿದಳು. ಬಹಳ ಹೊತ್ತು ನೋಡಿದಳು. ನಾನು ಹಿಂದೆ ನಿಂತು ಏನೇನೋ ಹೇಳುತ್ತಿದ್ದೆ.

“ಅಪ್ಪ, ಮಾಸ್ಟ್ರಿಗೆ ಮುಂದಿನ ಕಾಲಲ್ಲಿ ಐದು ಉಗುರು. ಹಿಂದಿನ ಕಾಲಲ್ಲಿ ನಾಲ್ಕು. ಇಲ್ಲಿ ಎಲ್ಲದ್ರಲ್ಲೂ ಮೂರೇ ಇದೆ” ಎಂದಳು.

ಅವಳು ತಿರುಗಿ ನನ್ನ ಕೈ ನೋಡಿದಳು, ಆಮೇಲೆ ಮುಖ ನೋಡಿದಳು. ಅಳಲಿಲ್ಲ.

“ಎಲ್ಲಿ ಹೂತಿದೀಯ?” ಎಂದು ಕೇಳಿದಳು.

ತಿಪ್ಪೆಯ ಕಡೆ ಕೈ ತೋರಿಸಿದೆ.